ಕರೆಂಟು ಬಂದ ಮೊದಲ ಅರೆಕ್ಷಣ: ಬೋರ್ಡ್ ಮಾಡಿಸುವ ಮುನ್ನ ಸ್ಕೀಮ್ಯಾಟಿಕ್ ಓದುವ ಬಗೆ

(ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ತಂದಿರುವುದು ಒಂದೇ ಒಂದು ಸ್ಕೀಮ್ಯಾಟಿಕ್, ಅಂದರೆ ಸರ್ಕ್ಯೂಟಿನ ನಕ್ಷೆ. ಮನೆಯ ಸಂಪಿನಿಂದ ಟೆರೇಸಿನ ಟ್ಯಾಂಕಿಗೆ ನೀರೇರಿಸುವ ಮೋಟರನ್ನು ತಾನಾಗಿ ಆನ್ ಮಾಡಿ ತಾನಾಗಿ ಆಫ್ ಮಾಡುವ ಸರ್ಕ್ಯೂಟ್ ಇದು. ಬರೆದವರು ಒಬ್ಬ ಹೈಸ್ಕೂಲ್ ಮೇಷ್ಟ್ರು. ಬಿಡುವಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವರು. ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ಬಿಡಿಭಾಗ ಚುಚ್ಚಿ ನೋಡುವ ಹಲಗೆ) ಮೇಲೆ ಎಲ್ಲವನ್ನೂ ಓಡಿಸಿ ನೋಡಿ, ಇನ್ನೇನು ಅಚ್ಚಿನ ಬೋರ್ಡ್ (ಪಿಸಿಬಿ) ಮಾಡಿಸಲು ಫೈಲು ಕಳಿಸಬೇಕು ಎನ್ನುವಾಗ "ಒಂದ್ಸಲ ಕಣ್ಣಾಡಿಸ್ತೀರಾ ಸಾರ್" ಎಂದು ನನಗೆ ಕಳಿಸಿದರು. ಅವರ ಒಪ್ಪಿಗೆ ಪಡೆದೇ ಇಲ್ಲಿ ತೋರಿಸುತ್ತಿದ್ದೇನೆ.

ಮೊದಲಿಗೇ ಹೇಳಿಬಿಡುತ್ತೇನೆ, ನಕ್ಷೆ ಅಚ್ಚುಕಟ್ಟಾಗಿದೆ. ಪವರ್ ಮೇಲೆ, ಗ್ರೌಂಡ್ ಕೆಳಗೆ, ಸಿಗ್ನಲ್ ಎಡದಿಂದ ಬಲಕ್ಕೆ. ಪ್ರತಿ ಕನೆಕ್ಟರಿನ ಪಕ್ಕದಲ್ಲಿ ಅದರ ವೈರು ಎಲ್ಲಿಗೆ ಹೋಗುತ್ತದೆ ಎಂದು ಬರೆದಿದ್ದಾರೆ. ಹೀಗೆ ಬರೆದ ನಕ್ಷೆಯನ್ನು ಓದುವುದೇ ಒಂದು ಖುಷಿ. ಆದರೂ ಇದೇ ರೂಪದಲ್ಲಿ ಬೋರ್ಡ್ ಮಾಡಿಸಿದ್ದರೆ ಅದು ಅವರಿಗೆ ತುಂಬಾ ಕಾಟ ಕೊಡುತ್ತಿತ್ತು. ಯಾಕೆಂದರೆ ನಕ್ಷೆ ಬರೆಯುವಾಗ ನಾವೆಲ್ಲರೂ ಸರ್ಕ್ಯೂಟ್ ಸರಿಯಾಗಿ ಓಡುತ್ತಿರುವ ಹೊತ್ತನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ಪ್ರೋಗ್ರಾಂ ನಡೆಯುತ್ತಿದೆ, ನೀರಿನ ಮಟ್ಟದೊಂದಿಗೆ ಏರಿಳಿಯುವ ಫ್ಲೋಟ್ ಸ್ವಿಚ್ ನೀರಿಲ್ಲ ಎಂದಿತು, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ರಿಲೇ ಎಳೆಯಿತು, ಮೋಟರ್ ತಿರುಗಿತು. ಆದರೆ ಬೋರ್ಡಿನ ಆಯುಸ್ಸಿನಲ್ಲಿ ಬೇರೆ ಹೊತ್ತುಗಳೂ ಇವೆ. ಕರೆಂಟು ಬಂದ ಮೊದಲ ಅರೆಕ್ಷಣ ಇದೆ. ಪ್ರೋಗ್ರಾಂ ತುಂಬುವ ಹೊತ್ತು ಇದೆ. ವೈ-ಫೈ ರೇಡಿಯೋ ಒಮ್ಮೆಲೇ ಕರೆಂಟ್ ಎಳೆಯುವ ಗಳಿಗೆ ಇದೆ. ಟೆರೇಸಿಗೆ ಹೋದ ವೈರನ್ನು ಇಲಿ ಕಡಿದ ದಿನ ಇದೆ. ಪರಿಶೀಲನೆಗೆ ಕೂತವರು ಈ ಹೊತ್ತುಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಓಡಿಸಿ ನೋಡಬೇಕು. ಗೆರೆಗಳು ಸರಿಯಾಗಿ ಸೇರಿವೆಯೇ ಎಂದು ನೋಡುವ ಕೆಲಸವನ್ನು ಸಾಫ್ಟ್‌ವೇರೇ ಬಹುಮಟ್ಟಿಗೆ ಮಾಡುತ್ತದೆ. ಈ ಹೊತ್ತುಗಳನ್ನು ಓಡಿಸಿ ನೋಡುವ ಕೆಲಸವನ್ನು ಅದು ಮಾಡುವುದಿಲ್ಲ.

ಅದರಲ್ಲೂ ಕರೆಂಟು ಬರುವ ಗಳಿಗೆ ನಮಗೆ ಬಹಳ ಮುಖ್ಯ. ಹಳ್ಳಿ ಇರಲಿ, ಪೇಟೆ ಇರಲಿ, ಮಳೆಗಾಲದಲ್ಲಿ ದಿನಕ್ಕೆ ಹಲವು ಸಲ ಕರೆಂಟು ಹೋಗಿ ಬರುವುದು ನಮಗೆ ಹೊಸದಲ್ಲ. ಮೇಜಿನ ಮೇಲೆ ವಾರಕ್ಕೊಮ್ಮೆ ಆನ್ ಆಗುವ ಬೋರ್ಡು ಮನೆಯ ಗೋಡೆಯ ಮೇಲೆ ನೂರಾರು ಸಲ ಹೊಸದಾಗಿ ಹುಟ್ಟುತ್ತದೆ. ಹುಟ್ಟುವಾಗ ಎಡವಿದರೆ ಪ್ರೋಗ್ರಾಂ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಈಗ ನಕ್ಷೆಗೆ ಬರೋಣ. ಮೇಷ್ಟ್ರು ಬ್ರೆಡ್‌ಬೋರ್ಡಿನ ಮೇಲೆ ಬಳಸಿದ್ದು ಇಎಸ್‌ಪಿ32 ಡೆವ್‌ಕಿಟ್, ಅಂದರೆ ವೈ-ಫೈ ಇರುವ ಇಎಸ್‌ಪಿ32 ಎಂಬ ನಿಯಂತ್ರಕ ಚಿಪ್ಪನ್ನು ಹೊತ್ತ ಸಿದ್ಧ ಬೋರ್ಡು. ಬೋರ್ಡಿಗೆ ಹಾಕಹೊರಟಿದ್ದು ಬರಿಯ ಮಾಡ್ಯೂಲು, ಅಂದರೆ ಇಎಸ್‌ಪಿ32-ವ್ರೂಮ್-32, ಆ ತಗಡಿನ ಮುಚ್ಚಳದ ಚೌಕ. ಹವ್ಯಾಸಿಗಳ ನಕ್ಷೆಯಲ್ಲಿ ಕಾಣುವ ತಪ್ಪುಗಳಲ್ಲಿ ಬಹುಪಾಲು ಈ ಒಂದು ಹೆಜ್ಜೆಯಲ್ಲಿ ಹುಟ್ಟುತ್ತವೆ ಎಂಬುದು ನನ್ನ ಅನುಭವ. ಡೆವ್‌ಕಿಟ್ಟಿನ ಮೇಲೆ ವೋಲ್ಟೇಜನ್ನು ಸ್ಥಿರವಾಗಿಡುವ 3.3 ವೋಲ್ಟ್ ರೆಗ್ಯುಲೇಟರ್ ಇದೆ, ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಚಿಪ್ ಇದೆ, ರೀಸೆಟ್ ಮತ್ತು ಬೂಟ್ ಗುಂಡಿಗಳಿವೆ, ಅವನ್ನು ತಾನಾಗಿ ಒತ್ತುವ ಎರಡು ಟ್ರಾನ್ಸಿಸ್ಟರುಗಳಿವೆ, ಚಿಪ್ಪನ್ನು ಎಚ್ಚರಿಸುವ ಇಎನ್ (ಎನೇಬಲ್) ಪಿನ್ನಿಗೆ ರೆಸಿಸ್ಟರು ಕೆಪಾಸಿಟರು ಇವೆ. ನಾವು ನಾಲ್ಕು ಜಂಪರ್ ವೈರು ಸಿಕ್ಕಿಸಿದ ಕೂಡಲೇ ಓಡುವುದು ಇವೆಲ್ಲ ಅಲ್ಲಿ ಕೂತು ದುಡಿಯುತ್ತಿರುವುದರಿಂದ. ಬರಿಯ ಮಾಡ್ಯೂಲು ತೆಗೆದುಕೊಂಡರೆ ಇಷ್ಟನ್ನೂ ನೀವೇ ಬರೆಯಬೇಕು. ಹಾಗಾಗಿ ನಾನು ಕೇಳಿದ ಮೊದಲ ಪ್ರಶ್ನೆ, "ಮೇಷ್ಟ್ರೇ, ಡೆವ್‌ಕಿಟ್ಟಿನ ಸ್ಕೀಮ್ಯಾಟಿಕ್ ಇಟ್ಕೊಂಡು ಹೋಲಿಸಿ ನೋಡಿದ್ರಾ?" ನೋಡಿರಲಿಲ್ಲ. ಅದು ಎಸ್ಪ್ರೆಸಿಫ್ ಕಂಪನಿಯ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಮುದ್ರಿಸಿ, ಅಲ್ಲಿ ಇರುವ ಪ್ರತಿ ಬಿಡಿಭಾಗವೂ ಇಲ್ಲಿ ಇದೆಯೇ, ಇಲ್ಲದಿದ್ದರೆ ಯಾಕೆ ಬೇಡ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗುವುದು ಒಂದು ಗಂಟೆಯ ಕೆಲಸ. ಬೇರೆ ಯಾವ ಸಲಹೆಯನ್ನು ಮರೆತರೂ ಇದೊಂದನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಇಎನ್ ಪಿನ್ನನ್ನೇ ನೋಡಿ. ಮೇಷ್ಟ್ರು ಅದನ್ನು ನೇರವಾಗಿ 3.3 ವೋಲ್ಟಿಗೆ ಕಟ್ಟಿದ್ದರು. ಓಡುವ ಹೊತ್ತಿಗೆ ಇದು ಸರಿಯೇ, ಆ ಪಿನ್ ಹೈ (3.3 ವೋಲ್ಟ್) ಇದ್ದರೆ ಚಿಪ್ ಎಚ್ಚರವಿರುತ್ತದೆ. ಆದರೆ ಕರೆಂಟು ಬರುವಾಗ 3.3 ವೋಲ್ಟ್ ಒಮ್ಮೆಲೇ ಏರುವುದಿಲ್ಲ, ದೊಡ್ಡ ಕೆಪಾಸಿಟರುಗಳು ತುಂಬುತ್ತಾ ನಿಧಾನಕ್ಕೆ ಏರುತ್ತದೆ. ವೋಲ್ಟೇಜ್ ಇನ್ನೂ ನೆಲೆಗೊಳ್ಳುವ ಮೊದಲೇ ಇಎನ್ ಹೈ ಆದರೆ ಚಿಪ್ ಅರೆಬರೆ ಎದ್ದು ಕೂರಬಹುದು. ಅದಕ್ಕೇ 10 ಕಿಲೋಓಮ್ ರೆಸಿಸ್ಟರು, 1 ಮೈಕ್ರೋಫ್ಯಾರಡ್ ಕೆಪಾಸಿಟರು ಹಾಕಲು ತಯಾರಕರೇ ಹೇಳುತ್ತಾರೆ. ಎರಡನ್ನೂ ಗುಣಿಸಿದರೆ 10 ಮಿಲಿಸೆಕೆಂಡು. ಪವರ್ ನೆಲೆಗೊಳ್ಳುವವರೆಗೆ ಚಿಪ್ಪನ್ನು ತಡೆದು ನಿಲ್ಲಿಸಲು ಅಷ್ಟು ಸಾಕು.

ಪವರ್ ವಿಷಯಕ್ಕೆ ಬಂದರೆ, 230 ವೋಲ್ಟಿನಿಂದ 5 ವೋಲ್ಟಿಗೆ ಎಚ್‌ಎಲ್‌ಕೆ-ಪಿಎಂ01 ಮಾಡ್ಯೂಲು, ಅಲ್ಲಿಂದ 3.3 ವೋಲ್ಟಿಗೆ ಎಎಂಎಸ್1117. ಇದು ಎಲ್ಲರೂ ಬಳಸುವ ಜೋಡಿ, ಸರಿಯಾದ ಜೋಡಿಯೂ ಹೌದು. ಮಾಡ್ಯೂಲು 600 ಮಿಲಿಆಂಪಿಯರ್ ಕೊಡುತ್ತದೆ. ಇಎಸ್‌ಪಿ32 ವೈ-ಫೈ ಕಳಿಸುವಾಗ ಗರಿಷ್ಠ 240 ಮಿಲಿಆಂಪಿಯರ್ ಹತ್ತಿರ ಹೋಗುತ್ತದೆ, ರಿಲೇಗೆ ಸುಮಾರು 70 ಬೇಕು. ಲೆಕ್ಕ ಸರಿಹೋಗುತ್ತದೆ. ಆದರೆ ಎಎಂಎಸ್1117ರ ಔಟ್‌ಪುಟ್ಟಿನಲ್ಲಿ ಮೇಷ್ಟ್ರು ಹಾಕಿದ್ದು ಬರೀ 100 ನ್ಯಾನೊಫ್ಯಾರಡ್ ಕೆಪಾಸಿಟರು. ಆ ರೆಗ್ಯುಲೇಟರ್ ಸ್ಥಿರವಾಗಿ ನಿಲ್ಲಬೇಕಾದರೆ ಔಟ್‌ಪುಟ್ಟಿನಲ್ಲಿ 22 ಮೈಕ್ರೋಫ್ಯಾರಡ್ ಟ್ಯಾಂಟಲಂ ಕೆಪಾಸಿಟರು ಇರಲಿ ಎಂದು ತಯಾರಕರ ವಿವರ ಪತ್ರವಾದ ಡೇಟಾಶೀಟೇ ಹೇಳುತ್ತದೆ. ವೈ-ಫೈ ಎಳೆತಕ್ಕೆ ವೋಲ್ಟೇಜ್ ಕುಸಿಯದಂತೆ ಹಿಡಿಯುವುದೂ ಅದೇ. ಇದು ಇಲ್ಲದಾಗ ಏನಾಗುತ್ತದೆ ಎಂಬುದನ್ನು ನಿಮ್ಮಲ್ಲಿ ಹಲವರು ಸೀರಿಯಲ್ ಮಾನಿಟರಿನಲ್ಲಿ ನೋಡಿರುತ್ತೀರಿ. "ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್" ಎಂದು, ಅಂದರೆ ವೋಲ್ಟೇಜ್ ಕುಸಿಯಿತು ಎಂದು ಬಂದು ಚಿಪ್ ರೀಸೆಟ್ ಆಗುತ್ತದೆ. ಕೆಲವರು ಆಗ ಕೋಡಿನಲ್ಲಿ ಆ ಡಿಟೆಕ್ಟರನ್ನೇ ಆಫ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ನಿಜವನ್ನೇ ಹೇಳುತ್ತಿದೆ.

ಪವರ್ ಬಗ್ಗೆ ಇನ್ನೊಂದು ಮಾತು. ಮೇಷ್ಟ್ರು ಜಾಗ ಸಿಕ್ಕರೆ 12 ವೋಲ್ಟ್ ಅಡಾಪ್ಟರಿಗೂ ಒಂದು ಜಾಕ್ ಕೊಟ್ಟು ಅದೇ ಎಎಂಎಸ್1117ಗೆ ಸೇರಿಸುವ ಯೋಚನೆಯಲ್ಲಿದ್ದರು. 12 ವೋಲ್ಟನ್ನು ಅದು ತಡೆದುಕೊಳ್ಳುತ್ತದೆ ಎಂದು ಡೇಟಾಶೀಟಿನಲ್ಲಿ ಓದಿದ್ದರು, ಅದು ನಿಜವೂ ಹೌದು. ಆದರೆ ಶಾಖದ ಲೆಕ್ಕ ಮಾಡಬೇಕು. 12ರಲ್ಲಿ 3.3 ಕಳೆದರೆ 8.7 ವೋಲ್ಟ್. ಸರಾಸರಿ 100 ಮಿಲಿಆಂಪಿಯರ್ ಹರಿದರೂ 0.87 ವಾಟ್ ಬರೀ ಬಿಸಿಯಾಗಿ ಹೋಗುತ್ತದೆ. ಬೋರ್ಡಿನಲ್ಲಿ ತಾಮ್ರ ಕಡಿಮೆ ಇದ್ದರೆ ಆ ಪುಟ್ಟ ಪ್ಯಾಕೇಜು ಒಂದು ವಾಟಿಗೆ ಸುಮಾರು 90 ಡಿಗ್ರಿ ಏರುತ್ತದೆ. ಅಂದರೆ 78 ಡಿಗ್ರಿ ಏರಿಕೆ. ಏಪ್ರಿಲ್ ತಿಂಗಳಲ್ಲಿ ಮುಚ್ಚಿದ ಡಬ್ಬಿಯೊಳಗೆ 40 ಡಿಗ್ರಿ ಇದೆ ಎಂದುಕೊಳ್ಳಿ, ಒಟ್ಟು 118. ಮಿತಿ ಇರುವುದು 125. ಕಾಗದದ ಮೇಲೆ ಪಾಸ್ ಆಯಿತು, ಗೋಡೆಯ ಮೇಲೆ ಉಳಿಯುವುದಿಲ್ಲ. ಜಾಕ್ ಬೇಕೇ ಬೇಕೆಂದರೆ ನಡುವೆ ಹೆಚ್ಚು ಬಿಸಿಯಾಗದೆ ವೋಲ್ಟೇಜ್ ಇಳಿಸುವ ಒಂದು ಬಕ್ ಕನ್ವರ್ಟರ್ ಹಾಕಿ ಎಂದೆ. ಅವರು ಜಾಕ್ ಯೋಚನೆಯನ್ನೇ ಕೈಬಿಟ್ಟರು.

ಈಗ ಈ ನಕ್ಷೆಯಲ್ಲಿ ನನ್ನನ್ನು ಅತಿ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ ಜಾಗಕ್ಕೆ ಬರುತ್ತೇನೆ. ಮೇಲಿನ ಟ್ಯಾಂಕಿನ ಫ್ಲೋಟ್ ಸ್ವಿಚ್. ಅದರ ಒಂದು ವೈರು ಗ್ರೌಂಡಿಗೆ, ಇನ್ನೊಂದು ಜಿಪಿಐಒ12ಕ್ಕೆ (12ನೇ ನಂಬರಿನ ಇನ್‌ಪುಟ್-ಔಟ್‌ಪುಟ್ ಪಿನ್), ಅಲ್ಲಿಂದ 10 ಕಿಲೋಓಮ್ ರೆಸಿಸ್ಟರಿನಲ್ಲಿ 3.3 ವೋಲ್ಟಿಗೆ. ಟ್ಯಾಂಕಿನಲ್ಲಿ ನೀರು ಕಡಿಮೆ ಇದ್ದರೆ ಸ್ವಿಚ್ ಮುಚ್ಚಿ ಪಿನ್ ಲೋ (0 ವೋಲ್ಟ್), ತುಂಬಿದರೆ ಸ್ವಿಚ್ ತೆರೆದು ಪಿನ್ ಹೈ. ಪಾಠಪುಸ್ತಕದಲ್ಲಿ ಇರುವ ಹಾಗೇ ಇದೆ. ತಪ್ಪು ಎಲ್ಲಿ?

ಇಎಸ್‌ಪಿ32 ರೀಸೆಟ್‌ನಿಂದ ಎದ್ದೇಳುವಾಗ ಐದು ಪಿನ್ನುಗಳನ್ನು ನೋಡಿ ತಾನು ಹೇಗೆ ಶುರುವಾಗಬೇಕು ಎಂದು ತೀರ್ಮಾನಿಸುತ್ತದೆ. 0, 2, 5, 12, 15. ಇವಕ್ಕೆ ಸ್ಟ್ರಾಪಿಂಗ್ ಪಿನ್ ಎನ್ನುತ್ತಾರೆ. ಎದ್ದ ಮೇಲೆ ಇವು ಎಲ್ಲ ಪಿನ್ನುಗಳಂತೆಯೇ. ಏಳುವ ಆ ಗಳಿಗೆಯಲ್ಲಿ ಮಾತ್ರ ಇವುಗಳ ಕೆಲಸ ಬೇರೆ. ಇದರಲ್ಲಿ 12ನೆಯದು ಫ್ಲ್ಯಾಶ್ ಮೆಮೊರಿಗೆ ಯಾವ ವೋಲ್ಟೇಜ್ ಕೊಡಬೇಕು ಎಂಬುದನ್ನು ಹೇಳುತ್ತದೆ. ಲೋ ಇದ್ದರೆ 3.3 ವೋಲ್ಟ್, ಹೈ ಇದ್ದರೆ 1.8 ವೋಲ್ಟ್. ಈ ಮಾಡ್ಯೂಲಿನ ಒಳಗಿರುವ ಫ್ಲ್ಯಾಶ್ 3.3 ವೋಲ್ಟಿನದು. ಅದಕ್ಕೆ 1.8 ಕೊಟ್ಟರೆ ಅದು ಉತ್ತರಿಸುವುದಿಲ್ಲ, ಪ್ರೋಗ್ರಾಂ ಓದಲಾಗದೆ ಚಿಪ್ ಮತ್ತೆ ಮತ್ತೆ ರೀಸೆಟ್ ಆಗುತ್ತಾ ಕೂರುತ್ತದೆ.

ಈಗ ಇದನ್ನು ಮನೆಯಲ್ಲಿ ಇಟ್ಟು ನೋಡಿ. ಟ್ಯಾಂಕಿನಲ್ಲಿ ನೀರು ಕಡಿಮೆ ಇರುವಾಗ ಕರೆಂಟು ಹೋಗಿ ಬಂದರೆ ಬೋರ್ಡು ಚೆನ್ನಾಗಿ ಏಳುತ್ತದೆ. ಟ್ಯಾಂಕು ತುಂಬಿದ್ದಾಗ ಕರೆಂಟು ಹೋಗಿ ಬಂದರೆ ಏಳುವುದಿಲ್ಲ. ಮೇಷ್ಟ್ರು ಬ್ರೆಡ್‌ಬೋರ್ಡಿನಲ್ಲಿ ಪರೀಕ್ಷೆ ಮಾಡುವಾಗ ಫ್ಲೋಟನ್ನು ಮೇಜಿನ ಮೇಲೆ ಮಲಗಿಸಿದ್ದರು, ಸ್ವಿಚ್ ಮುಚ್ಚೇ ಇತ್ತು, ಆನ್ ಮಾಡಿದಾಗಲೆಲ್ಲ ಎದ್ದಿತು. ಆಮೇಲೆ ಕೈಯಲ್ಲಿ ಎತ್ತಿ ನೋಡಿದರು, ರಿಲೇ ಬಿಟ್ಟಿತು. ಎಲ್ಲ ಸರಿ ಅನ್ನಿಸಿತು. ಫ್ಲೋಟನ್ನು ಎತ್ತಿ ಹಿಡಿದುಕೊಂಡೇ ಪವರ್ ಆನ್ ಮಾಡುವ ಪರೀಕ್ಷೆ ಯಾರ ತಲೆಗೂ ಸುಲಭಕ್ಕೆ ಹೊಳೆಯುವಂಥದ್ದಲ್ಲ. ಗೋಡೆಗೆ ಹಾಕಿದ ಮೇಲೆ ಬೋರ್ಡು ಕೆಲವು ದಿನ ಸರಿ ಇರುತ್ತಿತ್ತು, ಕೆಲವು ದಿನ ಫೋನಿನಲ್ಲಿ ಕಾಣುತ್ತಿರಲಿಲ್ಲ. ನೀರು ಇಳಿದ ಮೇಲೆ ತಾನಾಗಿ ಎದ್ದರೂ ಎದ್ದೀತು. ಅವರು ವೈ-ಫೈ ರೌಟರನ್ನು ಅನುಮಾನಿಸುತ್ತಿದ್ದರು, ಕೋಡನ್ನು ಅನುಮಾನಿಸುತ್ತಿದ್ದರು, ಬೆಸುಗೆಯನ್ನು ಅನುಮಾನಿಸುತ್ತಿದ್ದರು. ಟ್ಯಾಂಕಿನ ನೀರಿನ ಮಟ್ಟವನ್ನು ಅನುಮಾನಿಸಲು ಬಹಳ ಕಾಲ ಬೇಕಾಗುತ್ತಿತ್ತು.

ನಾನು ಅವರಿಗೆ ಇದನ್ನು ತಪ್ಪು ಎಂದು ಹೇಳಲಿಲ್ಲ. "ಟ್ಯಾಂಕು ತುಂಬಿರುವಾಗ ಕರೆಂಟು ಬಂದ್ರೆ ಹನ್ನೆರಡನೇ ಪಿನ್ ಯಾವ ಸ್ಥಿತಿಯಲ್ಲಿರುತ್ತೆ ಮೇಷ್ಟ್ರೇ?" ಎಂದು ಕೇಳಿದೆ. ಹೈ ಅಂದರು. "ಡೇಟಾಶೀಟಿನಲ್ಲಿ ಸ್ಟ್ರಾಪಿಂಗ್ ಅನ್ನೋ ಭಾಗ ತೆಗೆದು ನೋಡಿ" ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಪುಟ ತಿರುಗಿಸುವ ಸದ್ದು. ಆಮೇಲೆ "ಅಯ್ಯೋ ದೇವ್ರೇ, ಇದನ್ನ ಮೂವತ್ತೆರಡಕ್ಕೆ ಹಾಕ್ತೀನಿ" ಅಂದರು. ಸರಿಯಾದ ಉತ್ತರ ಅದೇ. 25, 26, 27, 32, 33, ಇವು ಯಾವ ತಂಟೆಯೂ ಇಲ್ಲದ ಪಿನ್ನುಗಳು. ಸ್ವಿಚ್ಚುಗಳಿಗೆ ಮೊದಲು ಇವನ್ನು ಹಂಚಿ, ಉಳಿದದ್ದನ್ನು ಆಮೇಲೆ ನೋಡಿ.

ಸಂಪಿನ ಫ್ಲೋಟ್ ಜಿಪಿಐಒ34ರಲ್ಲಿತ್ತು. ಅಲ್ಲಿ ಹೊರಗಿನ ರೆಸಿಸ್ಟರೇ ಇಲ್ಲ. ಕೋಡಿನಲ್ಲಿ ಇನ್‌ಪುಟ್ ಪುಲ್‌ಅಪ್ (ಪಿನ್ನನ್ನು ಹೈಗೆ ಎಳೆಯುವ ಒಳಗಿನ ರೆಸಿಸ್ಟರ್) ಎಂದು ಬರೆದಿದ್ದೇನೆ ಎಂದರು. 34ರಿಂದ 39ರವರೆಗಿನ ಪಿನ್ನುಗಳು ಇನ್‌ಪುಟ್‌ಗೆ ಮಾತ್ರ, ಅವುಗಳ ಒಳಗೆ ಪುಲ್‌ಅಪ್ ಇಲ್ಲವೇ ಇಲ್ಲ. ಕೋಡು ದೂರು ಹೇಳುವುದಿಲ್ಲ, ಸುಮ್ಮನೆ ಪಿನ್ನು ಗಾಳಿಯಲ್ಲಿ ತೇಲುತ್ತದೆ. ಪ್ರಯೋಗಕ್ಕೆ ಬಳಸಿದ್ದ ಸೆನ್ಸರ್ ಮಾಡ್ಯೂಲಿನ ಮೇಲೆ ರೆಸಿಸ್ಟರ್ ಇತ್ತು, ಅದಕ್ಕೇ ಮೇಜಿನ ಮೇಲೆ ಓಡಿತ್ತು. ಸಂಪಿಗೆ ಇಳಿಸುವ ಬರಿಯ ಫ್ಲೋಟ್ ಸ್ವಿಚ್ಚಿನಲ್ಲಿ ಅದು ಇರುವುದಿಲ್ಲ. ಇದೇ ಸಾಲಿಗೆ ಸೇರುವ ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ. 6ರಿಂದ 11ರವರೆಗಿನ ಪಿನ್ನುಗಳು ಒಳಗಿನ ಫ್ಲ್ಯಾಶಿಗೆ ಸೇರಿವೆ, ಮುಟ್ಟಬೇಡಿ. ವೈ-ಫೈ ಓಡುತ್ತಿರುವಾಗ ಎಡಿಸಿ2ರ (ಎಡಿಸಿ ಅಂದರೆ ವೋಲ್ಟೇಜನ್ನು ಅಂಕಿಯಾಗಿ ಓದುವ ಭಾಗ) ಪಿನ್ನುಗಳಲ್ಲಿ ಅನಲಾಗ್ ಓದಲು ಆಗುವುದಿಲ್ಲ, ಎಡಿಸಿ1 ಬಳಸಿ.

ಟೆರೇಸಿನ ವೈರಿನ ಬಗ್ಗೆ ಮೇಷ್ಟ್ರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೇಳಲೇಬೇಕು. ಟ್ಯಾಂಕು ತುಂಬಿದಾಗ ಸ್ವಿಚ್ ತೆರೆಯುವಂತೆ ಕಟ್ಟಿದ್ದಾರೆ ಎಂದೆನಲ್ಲ, ಇದರಿಂದ ವೈರು ತುಂಡಾದರೆ ಬೋರ್ಡಿಗೆ ಟ್ಯಾಂಕು ತುಂಬಿದೆ ಎಂದೇ ಕಾಣುತ್ತದೆ, ಮೋಟರು ನಿಲ್ಲುತ್ತದೆ. ಉಲ್ಟಾ ಕಟ್ಟಿದ್ದರೆ ವೈರು ತುಂಡಾದ ದಿನ ಟ್ಯಾಂಕು ಉಕ್ಕಿ ಹರಿಯುತ್ತಾ ಸಂಪು ಬರಿದಾಗುವವರೆಗೂ ಮೋಟರು ಓಡುತ್ತಿತ್ತು. ಪರಿಶೀಲಿಸುವವರು ತಪ್ಪುಗಳ ಜೊತೆ ಇಂಥದ್ದನ್ನೂ ಗುರುತಿಸಿ ಹೇಳಬೇಕು. ಇಲ್ಲದಿದ್ದರೆ ಮುಂದಿನ ತಿದ್ದುಪಡಿಯಲ್ಲಿ ಬರೆದವರೇ ಅದನ್ನು ತಿಳಿಯದೆ ಬದಲಿಸಿಬಿಡಬಹುದು. ಆದರೆ ಹದಿನೈದಿಪ್ಪತ್ತು ಮೀಟರ್ ವೈರು ನೇರವಾಗಿ ಚಿಪ್ಪಿನ ಪಿನ್ನಿಗೆ ಬಂದು ಸೇರುವುದು ಒಳ್ಳೆಯದಲ್ಲ. ಮೋಟರಿನ ವೈರು ಅದರ ಪಕ್ಕದಲ್ಲೇ ಹಾದಿರುತ್ತದೆ, ಸಿಡಿಲಿನ ಕಾಲದಲ್ಲಿ ಏನೇನೋ ಬರುತ್ತದೆ. ಪಿನ್ನಿಗೆ ಸರಣಿಯಲ್ಲಿ 1 ಕಿಲೋಓಮ್, ಪಿನ್ನಿನಿಂದ ಗ್ರೌಂಡಿಗೆ 100 ನ್ಯಾನೊಫ್ಯಾರಡ್, ಕನೆಕ್ಟರಿನ ಹತ್ತಿರ ವೋಲ್ಟೇಜ್ ಜಿಗಿತವನ್ನು ತಡೆಯುವ ಒಂದು ಟಿವಿಎಸ್ ಡಯೋಡು, ಪುಲ್‌ಅಪ್ಪನ್ನು 10ರಿಂದ 4.7 ಕಿಲೋಓಮಿಗೆ ಇಳಿಸಿ ಎಂದು ಬರೆದು ಕೊಟ್ಟೆ. ಎಲ್ಲ ಸೇರಿ ಕೆಲವೇ ರೂಪಾಯಿಯ ಸಾಮಾನು.

ರಿಲೇಯ ಭಾಗದಲ್ಲಿ ಒಂದು ಸಣ್ಣ ಲೆಕ್ಕ ಇದೆ, ಅದನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸುತ್ತೇನೆ, ಯಾಕೆಂದರೆ ಇದು ಮೇಜಿನ ಮೇಲೆ ಓಡಿ ಮನೆಯಲ್ಲಿ ಕೈಕೊಡುವ ಸರ್ಕ್ಯೂಟಿನ ಒಳ್ಳೆಯ ಮಾದರಿ. ನೀಲಿ ಬಣ್ಣದ 5 ವೋಲ್ಟ್ ರಿಲೇ, ಕಾಯಿಲ್ 70 ಓಮ್, ಅಂದರೆ 71 ಮಿಲಿಆಂಪಿಯರ್. ಅದನ್ನು ಎಳೆಯುವುದು ಬಿಸಿ547 ಟ್ರಾನ್ಸಿಸ್ಟರು. ಬೇಸಿಗೆ ಮೇಷ್ಟ್ರು 10 ಕಿಲೋಓಮ್ ಹಾಕಿದ್ದರು. ಪಿನ್ನಿನ 3.3ರಲ್ಲಿ ಬೇಸಿನ 0.7 ಕಳೆದರೆ 2.6 ವೋಲ್ಟ್, 10 ಕಿಲೋಓಮಿನಿಂದ ಭಾಗಿಸಿದರೆ 0.26 ಮಿಲಿಆಂಪಿಯರ್. 71 ಬೇಕಾದರೆ ಗೇನ್ (ಬೇಸಿನ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು) 273 ಇರಬೇಕು. ಬಿಸಿ547ರ ಗೇನ್ ಗುಂಪಿನಿಂದ ಗುಂಪಿಗೆ 110ರಿಂದ 800ರವರೆಗೆ ಇರುತ್ತದೆ, ಕರೆಂಟ್ ಹೆಚ್ಚಿದಂತೆ ಕುಸಿಯುತ್ತದೆ ಕೂಡ. ಮೇಷ್ಟ್ರ ಕೈಗೆ ಸಿಕ್ಕಿದ್ದ ಟ್ರಾನ್ಸಿಸ್ಟರ್ ಗಟ್ಟಿಯಾಗಿತ್ತು, ರಿಲೇ ಎಳೆಯಿತು. ಐದು ಬೋರ್ಡು ಮಾಡಿಸಿದರೆ ಕೆಲವು ಎಳೆಯುತ್ತವೆ, ಕೆಲವು ಬರೀ ನಡುಗುತ್ತವೆ. ಸ್ವಿಚ್ಚಾಗಿ ಬಳಸುವಾಗ ಗೇನ್ 20 ಎಂದು ಹಿಡಿದು ಲೆಕ್ಕ ಮಾಡಿದರೆ ಸುಮಾರು 3.5 ಮಿಲಿಆಂಪಿಯರ್ ಬೇಕು, 680 ಓಮ್ ಸರಿಹೋಗುತ್ತದೆ. ಜೊತೆಗೆ ಬೇಸಿನಿಂದ ಗ್ರೌಂಡಿಗೆ 10 ಕಿಲೋಓಮ್. ಕರೆಂಟು ಬಂದ ಮೊದಲ ಗಳಿಗೆಯಲ್ಲಿ ಪ್ರೋಗ್ರಾಂ ಇನ್ನೂ ಪಿನ್ನನ್ನು ಹಿಡಿದಿರುವುದಿಲ್ಲ. ಆಗ ಟ್ರಾನ್ಸಿಸ್ಟರ್ ಆಫ್ ಇರಲೇಬೇಕು ಎಂದು ಖಚಿತಪಡಿಸುವುದು ಈ ರೆಸಿಸ್ಟರು.

ಕಾಯಿಲಿಗೆ ಅಡ್ಡಲಾಗಿ ಡಯೋಡು ಇತ್ತು, ದಿಕ್ಕು ಸರಿಯಿತ್ತು. ಟ್ರಾನ್ಸಿಸ್ಟರಿನ ಕಾಲುಗಳನ್ನು ಮಾತ್ರ ಇನ್ನೊಮ್ಮೆ ನೋಡಿ ಎಂದೆ. ಚಪ್ಪಟೆ ಮುಖ ನಮ್ಮ ಕಡೆ ಇದ್ದರೆ ಬಿಸಿ547ರ ಕಾಲು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904 ಹಾಗಲ್ಲ, ಎಮಿಟರ್, ಬೇಸ್, ಕಲೆಕ್ಟರ್. ನೋಡಲು ಎರಡೂ ಒಂದೇ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯಲ್ಲಿ ಒಂದು ಇಲ್ಲದಿದ್ದರೆ ಇನ್ನೊಂದು ಕೊಡುತ್ತಾರೆ, ನಾವೂ ತರುತ್ತೇವೆ. ಬ್ರೆಡ್‌ಬೋರ್ಡಿನಲ್ಲಿ ತಿರುಗಿಸಿ ಚುಚ್ಚಬಹುದು. ಬೋರ್ಡಿನಲ್ಲಿ ಚಿಹ್ನೆಯ ಪಿನ್ ನಂಬರಿಗೂ ಫುಟ್‌ಪ್ರಿಂಟಿನ (ಬೋರ್ಡಿನ ಮೇಲೆ ಆ ಭಾಗ ಕೂರುವ ಜಾಗದ ವಿನ್ಯಾಸ) ಪಿನ್ ನಂಬರಿಗೂ ತಾಳೆಯಾಗದಿದ್ದರೆ ಐದೂ ಬೋರ್ಡು ಒಂದೇ ರೀತಿ ಕೆಡುತ್ತವೆ.

ಇನ್ನು ರಿಲೇಯ ಆಚೆ ಬದಿ, 230 ವೋಲ್ಟಿನ ಬದಿ. ಇಲ್ಲಿ ನಾನು ದನಿ ಸ್ವಲ್ಪ ಗಟ್ಟಿ ಮಾಡುತ್ತೇನೆ. ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ. ಅದು ಹೀಟರಿನಂಥ ಹೊರೆಗೆ. 1 ಎಚ್‌ಪಿ ಮೋಟರು ಓಡುವಾಗ ಐದಾರು ಆಂಪಿಯರ್ ಎಳೆದರೂ ಶುರುವಾಗುವ ಗಳಿಗೆಯಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಇಲ್ಲೂ ಓಡುವ ಹೊತ್ತು ಬೇರೆ, ಶುರುವಾಗುವ ಹೊತ್ತು ಬೇರೆ. ಹೀಗೆ ನಡೆಸಿದರೆ ಒಂದು ದಿನ ರಿಲೇಯ ಕಾಂಟ್ಯಾಕ್ಟುಗಳು ಬೆಸೆದು ಅಂಟಿಕೊಳ್ಳುತ್ತವೆ. ಆಮೇಲೆ ಪ್ರೋಗ್ರಾಂ ಆಫ್ ಎಂದರೂ ಮೋಟರು ಓಡುತ್ತಲೇ ಇರುತ್ತದೆ. ಬೋರ್ಡಿನ ರಿಲೇ ಒಂದು ಕಾಂಟ್ಯಾಕ್ಟರಿನ (ಮೋಟರಿಗೆಂದೇ ಇರುವ ದೊಡ್ಡ ರಿಲೇ) ಕಾಯಿಲನ್ನು ನಡೆಸಲಿ, ಮೋಟರನ್ನು ಕಾಂಟ್ಯಾಕ್ಟರ್ ನಡೆಸಲಿ. ಆ ಕಾಯಿಲಿಗೆ ಅಡ್ಡಲಾಗಿ 100 ಓಮ್ ಮತ್ತು 100 ನ್ಯಾನೊಫ್ಯಾರಡ್ ಎಕ್ಸ್2 ಕೆಪಾಸಿಟರಿನ (ಮೇನ್ಸ್ ವೋಲ್ಟೇಜಿಗೆ ಸುರಕ್ಷಿತವಾದ ಬಗೆ) ಸ್ನಬ್ಬರ್, ಅಂದರೆ ಕಾಯಿಲ್ ಆಫ್ ಆಗುವಾಗಿನ ವೋಲ್ಟೇಜ್ ಜಿಗಿತವನ್ನು ತಗ್ಗಿಸುವ ಜೋಡಿ ಇರಲಿ. 230 ಒಳಬರುವ ಕಡೆ ಫ್ಯೂಸು, ಅದರ ನಂತರ ಹೆಚ್ಚಿನ ವೋಲ್ಟೇಜನ್ನು ಹೀರಿಕೊಳ್ಳುವ ಎಂಒವಿ. ಇವು ಮೇಷ್ಟ್ರ ನಕ್ಷೆಯಲ್ಲಿ ಇರಲಿಲ್ಲ, ಈಗ ಸೇರಿವೆ. ಸ್ಕೀಮ್ಯಾಟಿಕ್‌ನಲ್ಲೇ ದಪ್ಪ ಗೆರೆ ಎಳೆದು ಈ ಕಡೆ 230, ಈ ಕಡೆ ಕಡಿಮೆ ವೋಲ್ಟೇಜ್, ನಡುವೆ ಕನಿಷ್ಠ 6 ಮಿಲಿಮೀಟರ್, ಜಾಗವಿದ್ದರೆ 8 ಎಂದು ಬರೆದಿಡಿ. ಲೇಔಟ್ ಮಾಡುವಾಗ ನೆನಪಿಸುವವರು ಪಕ್ಕದಲ್ಲಿ ಇರುವುದಿಲ್ಲ.

ಸಾಫ್ಟ್‌ವೇರ್ ಎಷ್ಟು ಹಿಡಿಯುತ್ತದೆ, ಎಷ್ಟು ಬಿಡುತ್ತದೆ ಎಂದು ಕೇಳಿದಿರಿ. ಮೇಷ್ಟ್ರು ಬಳಸಿದ್ದು ಕೀಕ್ಯಾಡ್ ಎಂಬ ನಕ್ಷೆ ಬರೆಯುವ ಸಾಫ್ಟ್‌ವೇರ್. 1992ರಲ್ಲಿ ಫ್ರಾನ್ಸಿನ ಜಾನ್-ಪಿಯೆರ್ ಶಾರಾ ಶುರು ಮಾಡಿದ್ದು, ಮುಂದೆ ಸರ್ನ್ ಎಂಬ ಯೂರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯ ನೆರವಿನಿಂದ ಬೆಳೆದದ್ದು, ದುಡ್ಡು ಕೊಡದೆ ಬಳಸಬಹುದಾದದ್ದು. ನಕ್ಷೆಯಲ್ಲಿನ ವಿದ್ಯುತ್ ಜೋಡಣೆಯ ತಪ್ಪು ಹುಡುಕುವ ಅದರ ಇಆರ್‌ಸಿ ಪರೀಕ್ಷೆ ಒಳ್ಳೆಯದು, ಪ್ರತಿ ಸಲವೂ ಓಡಿಸಿ. ಆದರೆ ಈ ನಕ್ಷೆಯಲ್ಲಿ ಏನಾಗಿತ್ತು ನೋಡಿ. ಕೀಕ್ಯಾಡಿನ ಪವರ್ ಚಿಹ್ನೆಗಳಲ್ಲಿ +3ವಿ3 ಎಂದು ಒಂದಿದೆ, +3.3ವಿ ಎಂದು ಇನ್ನೊಂದಿದೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಕೀಕ್ಯಾಡಿಗೆ ಎರಡು ಬೇರೆ ಬೇರೆ ತಂತಿ. ರೆಗ್ಯುಲೇಟರಿನ ಹತ್ತಿರ ಮೊದಲನೆಯದು, ಮಾಡ್ಯೂಲಿನ ಹತ್ತಿರ ಎರಡನೆಯದು ಕೂತಿತ್ತು. ಅಂದರೆ ಮಾಡ್ಯೂಲಿಗೆ ಪವರೇ ಇಲ್ಲ. ಇಆರ್‌ಸಿ ಇದನ್ನು ಹಿಡಿದಿತ್ತು, ಈ ಪವರ್ ಪಿನ್ನಿಗೆ ಎಲ್ಲಿಂದಲೂ ಪವರ್ ಬರುತ್ತಿಲ್ಲ ಎಂದು ಹೇಳಿತ್ತು. ಇದೇ ಎಚ್ಚರಿಕೆ ಸರಿಯಾದ ನಕ್ಷೆಗಳಲ್ಲೂ ಬರುವುದುಂಟು, ಆಗ ಪವರ್ ಫ್ಲ್ಯಾಗ್ ಎಂಬ ಚಿಹ್ನೆ ಸೇರಿಸುತ್ತಾರೆ. ಮೇಷ್ಟ್ರು ಅದೇ ಅಭ್ಯಾಸದಲ್ಲಿ ಫ್ಲ್ಯಾಗ್ ಇಟ್ಟರು, ಎಚ್ಚರಿಕೆ ಹೋಯಿತು, ತಪ್ಪು ಉಳಿಯಿತು. ಹಾಗಾಗಿ ಬೇರೆಯವರ ನಕ್ಷೆ ನೋಡುವಾಗ ಫ್ಲ್ಯಾಗ್ ಕಂಡಲ್ಲೆಲ್ಲ ನಾನು ನಿಲ್ಲುತ್ತೇನೆ. ಇಲ್ಲಿ ಪವರ್ ನಿಜವಾಗಿ ಎಲ್ಲಿಂದ ಬರುತ್ತದೆ ಎಂದು ಬೆರಳಿಟ್ಟು ಹಿಂದಕ್ಕೆ ಹೋಗುತ್ತೇನೆ.

ಪ್ರೋಗ್ರಾಂ ತುಂಬುವ ಹೊತ್ತಿಗೆ ಬರೋಣ. ಬೋರ್ಡಿನ ಮೇಲೆ ಒಂದು ಯುಎಸ್‌ಬಿ-ಸಿ ಸಾಕೆಟ್ ಇದೆ. ಏನು ಜೋಡಿಸಿದೆ ಎಂದು ಚಾರ್ಜರಿಗೆ ತಿಳಿಸುವ ಅದರ ಸಿಸಿ1, ಸಿಸಿ2 ಪಿನ್ನುಗಳೆರಡನ್ನೂ ಒಟ್ಟಿಗೆ ಕಟ್ಟಿ ಒಂದೇ 5.1 ಕಿಲೋಓಮ್ ಹಾಕಿದ್ದರು. ಎರಡಕ್ಕೂ ಬೇರೆ ಬೇರೆ ರೆಸಿಸ್ಟರ್ ಬೇಕು. ಮೇಷ್ಟ್ರು ಇದಕ್ಕೆ ತುಂಬಾ ಬೇಜಾರು ಮಾಡಿಕೊಂಡರು, ಅದಕ್ಕೇ ಅವರಿಗೆ ಹೇಳಿದ ಒಂದು ಸಂಗತಿಯನ್ನು ಇಲ್ಲೂ ಹೇಳುತ್ತೇನೆ. 2019ರ ಜೂನಿನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಇದ್ದದ್ದು ಇದೇ ತಪ್ಪು. ಮಾಮೂಲಿ ಕೇಬಲಿನಲ್ಲಿ ಅದು ಓಡುತ್ತಿತ್ತು, ಒಳಗೆ ಗುರುತಿನ ಚಿಪ್ ಇರುವ ದುಬಾರಿ ಕೇಬಲು ಹಾಕಿದರೆ ಚಾರ್ಜರು ಅದನ್ನು ಆಡಿಯೋ ಉಪಕರಣ ಎಂದು ತಿಳಿದು ಪವರ್ ಕೊಡುತ್ತಿರಲಿಲ್ಲ. ಅವರೇ ಅದನ್ನು ಒಪ್ಪಿಕೊಂಡು ಮುಂದಿನ ಬೋರ್ಡಿನಲ್ಲಿ ಸರಿಪಡಿಸಿದರು. ಅಷ್ಟು ಅನುಭವಿಗಳ ತಂಡದ ಕಣ್ಣು ತಪ್ಪಿಸಿಕೊಂಡ ಒಂದು ರೆಸಿಸ್ಟರು ನಿಮ್ಮ ಕಣ್ಣನ್ನೂ ತಪ್ಪಿಸಿಕೊಂಡರೆ ಅದಕ್ಕೆ ಕುಗ್ಗಬೇಕಾಗಿಲ್ಲ.

ಯುಎಸ್‌ಬಿಯ 5 ವೋಲ್ಟ್ ಮತ್ತು ಮೇನ್ಸ್ ಮಾಡ್ಯೂಲಿನ 5 ವೋಲ್ಟ್ ನೇರವಾಗಿ ಸೇರಿದ್ದವು. ಎರಡೂ ಒಟ್ಟಿಗೆ ಇದ್ದ ಗಳಿಗೆ ಒಂದು ಇನ್ನೊಂದರೊಳಕ್ಕೆ ಹರಿಯುತ್ತದೆ, ಆ ಇನ್ನೊಂದು ನಿಮ್ಮ ಲ್ಯಾಪ್‌ಟಾಪ್ ಆಗಿರಬಹುದು. ಕರೆಂಟು ಹಿಂದಕ್ಕೆ ಹರಿಯದಂತೆ ಎರಡಕ್ಕೂ ಒಂದೊಂದು ಷಾಟ್ಕಿ ಡಯೋಡು ಹಾಕಿಸಿದೆ. ಅದರ ಜೊತೆಗೆ, 230 ತೆಗೆಯದೆ ಯುಎಸ್‌ಬಿ ಹಾಕಬಾರದು ಎಂದು ಬೋರ್ಡಿನ ಮೇಲೇ ಕನ್ನಡದಲ್ಲಿ ಅಚ್ಚಾಗುವಂತೆ ಬರೆಸಿದ್ದೇವೆ. ಕೀಕ್ಯಾಡಿನ ಈಚಿನ ಆವೃತ್ತಿಗಳಲ್ಲಿ ಕನ್ನಡ ಫಾಂಟನ್ನು ಅಕ್ಷರವಾಗಿ ಇಡಬಹುದು, ಇಲ್ಲವೇ ಚಿತ್ರವಾಗಿ ಸೇರಿಸಬಹುದು. ಮನೆಯಲ್ಲಿ ಆ ಡಬ್ಬಿಯ ಮುಚ್ಚಳ ತೆಗೆಯುವವರು ಯಾವಾಗಲೂ ಮೇಷ್ಟ್ರೇ ಆಗಿರುವುದಿಲ್ಲ.

ಪರಿಶೀಲನೆಗೆ ನಕ್ಷೆ ಕೊಡುವವರಿಗೆ ಎರಡು ಮಾತು. ಪರದೆಯ ಫೋಟೋ ತೆಗೆದು ಕಳಿಸಬೇಡಿ, ಪಿಡಿಎಫ್ ಕಳಿಸಿ. ಅಕ್ಷರ ಕಾಣದಿದ್ದರೆ ನೋಡುವವರು ಊಹಿಸುತ್ತಾರೆ, ಊಹಿಸಿದಲ್ಲೇ ತಪ್ಪು ಅಡಗಿರುತ್ತದೆ. ಜೊತೆಗೆ ಹತ್ತು ಸಾಲು ಬರೆದು ಕಳಿಸಿ: ಇದು ಏನು ಮಾಡಬೇಕು, ಪವರ್ ಎಲ್ಲಿಂದ, ಎಲ್ಲಿ ಕೂರುತ್ತದೆ, ವೈರು ಎಷ್ಟು ಉದ್ದ, ಕೆಟ್ಟರೆ ಯಾವ ಸ್ಥಿತಿಯಲ್ಲಿ ನಿಲ್ಲಬೇಕು. ಮೇಷ್ಟ್ರು ಇದನ್ನು ಬರೆದಿದ್ದರಿಂದಲೇ ಟೆರೇಸಿನ ವೈರಿನ ವಿಷಯ ನನಗೆ ಹೊಳೆಯಿತು. ನಕ್ಷೆಯಲ್ಲಿ ಅದು ಎರಡು ಅಂಗುಲದ ಗೆರೆ ಅಷ್ಟೇ.

ನೋಡುವವರಿಗೂ ಒಂದು ಮಾತು. ಕಲಿಯುತ್ತಿರುವವರು ನಕ್ಷೆ ತೋರಿಸುವುದಕ್ಕೆ ಧೈರ್ಯ ಬೇಕು. ಇಪ್ಪತ್ತು ತಪ್ಪುಗಳ ಪಟ್ಟಿ ಒಮ್ಮೆಲೇ ಎದುರಿಗೆ ಇಟ್ಟರೆ ಅವರು ಇನ್ನೊಮ್ಮೆ ಯಾರಿಗೂ ತೋರಿಸುವುದಿಲ್ಲ. ಜೀವಕ್ಕೆ ಅಪಾಯವಿರುವುದನ್ನು ಮೊದಲು, ಬೋರ್ಡನ್ನೇ ಏಳಗೊಡದಿರುವುದನ್ನು ಆಮೇಲೆ ಹೇಳಿ. ನಿಮಗೆ ಬೇರೆ ರೀತಿ ಇಷ್ಟ ಎನ್ನುವ ವಿಷಯಗಳನ್ನು ಹೇಳಲೇಬೇಕಾಗಿಲ್ಲ. ಮೇಷ್ಟ್ರು ರೆಸಿಸ್ಟರನ್ನು ಹಳೆಯ ಅಂಕುಡೊಂಕು ಚಿಹ್ನೆಯಲ್ಲಿ ಬರೆಯುತ್ತಾರೆ, ನಾನು ಚೌಕದಲ್ಲಿ ಬರೆಯುತ್ತೇನೆ. ಅದು ಅವರ ನಕ್ಷೆ.

ಎರಡನೆಯ ಆವೃತ್ತಿ ಈಗ ಪರದೆಯ ಮೇಲಿದೆ. ಇದರಲ್ಲಿ ಒಂದು ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಸಂಪಿನಲ್ಲಿ ನೀರಿದೆ ಎಂದು ಫ್ಲೋಟ್ ಹೇಳುತ್ತಿದ್ದರೂ ಪೈಪಿನ ತುದಿಯಲ್ಲಿ ನೀರನ್ನು ಹಿಡಿದಿಡುವ ಫುಟ್‌ವಾಲ್ವ್ ಸೋರಿ ಮೋಟರು ಗಾಳಿ ಎಳೆಯಬಹುದು. ಅದನ್ನು ಹಿಡಿಯಲು ಮೋಟರಿನ ವೈರಿಗೆ ಅದರ ಕರೆಂಟನ್ನು ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್ ಹಾಕಬೇಕೋ, ಇಷ್ಟು ನಿಮಿಷದಲ್ಲಿ ಟ್ಯಾಂಕಿನ ಮಟ್ಟ ಏರದಿದ್ದರೆ ನಿಲ್ಲಿಸು ಎಂದು ಕೋಡಿನಲ್ಲಿ ಬರೆದರೆ ಸಾಕೋ ಎಂದು ಮೇಷ್ಟ್ರು ಕೇಳಿದ್ದಾರೆ. ಮೇಲಿನ ಟ್ಯಾಂಕಿನಲ್ಲಿ ಒಂದೇ ಫ್ಲೋಟ್ ಇರುವಾಗ ಎರಡನೆಯದು ಅಷ್ಟು ಸುಲಭವಲ್ಲ ಎಂದು ನನಗೆ ಅನ್ನಿಸುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕುವುದಾದರೆ ಅದಕ್ಕೆ ಎಡಿಸಿ1ರಲ್ಲಿ 35ನೇ ಪಿನ್ ಖಾಲಿ ಬಿಟ್ಟಿದ್ದೇವೆ. ನಕ್ಷೆಯ ಪ್ರತಿಗಳು ಮುಂದಿನ ಮೇಜಿನ ಮೇಲಿವೆ, ಪೆನ್ಸಿಲುಗಳೂ ಇವೆ. ನಿಮಗೆ ತೋಚಿದ್ದನ್ನು ಅದರ ಮೇಲೇ ಬರೆಯಿರಿ. ಬೋರ್ಡಿಗೆ ಕಳಿಸುವ ಮುನ್ನ ಮೇಷ್ಟ್ರು ಎಲ್ಲವನ್ನೂ ಓದುತ್ತಾರೆ.